ಎಂಟನೇ ನಂಬರಿನ ಹಿತ್ತಲು

"ರೀ, ಯಾರ್ರೀ ಅದು? ನನ್ನ ಗೂಟ ಮುಟ್ಬೇಡಿ!"

ಕೂಗಿದವನು ಸರ್ವೇಯರ್. ಕೂಗಿಸಿಕೊಂಡವಳು ತಲೆಯನ್ನೂ ಎತ್ತಲಿಲ್ಲ. ಹೊಸ ಲೇಔಟಿನ ಕೊನೆಯ ಸಾಲಿನಲ್ಲಿ, ಮೂರನೇ ನಂಬರಿನ ಖಾಲಿ ಸೈಟಿನಲ್ಲಿ ಮಂಡಿಯೂರಿ ಕುಳಿತು, ಉದ್ದನೆಯ ಬಿಳಿ ಬಟ್ಟೆಯೊಂದನ್ನು ಒಂದು ಗೂಟದಿಂದ ಇನ್ನೊಂದು ಗೂಟದ ಕಡೆಗೆ ಬಿಡಿಸುತ್ತಿದ್ದಳು. ಒಂದು ತುದಿಗೆ ಇಟ್ಟಿಗೆ ಹೇರಿಯಾಗಿತ್ತು. ಇನ್ನೊಂದು ತುದಿ ಗೂಟ ದಾಟಿ ಪಕ್ಕದ ಸೈಟಿಗೆ ನುಗ್ಗಿತ್ತು.

"ನಿಮ್ಮ ಗೂಟದ ಮೇಲೆ ನನಗೇನೂ ಆಸೆ ಇಲ್ಲ," ಎಂದಳು ಬಟ್ಟೆಯ ಸುಕ್ಕು ತೀಡುತ್ತಲೇ. "ಆದ್ರೆ ಅದು ಇರ್ಬೇಕಾದ ಜಾಗದಲ್ಲಿ ಇಲ್ಲ."

ಹದಿನೈದು ವರ್ಷದ ಕಸುಬಿನಲ್ಲಿ ಸರ್ವೇಯರ್ ಈ ಮಾತನ್ನು ಯಾರಿಂದಲೂ ಕೇಳಿರಲಿಲ್ಲ. ದಾಪುಗಾಲು ಹಾಕಿಕೊಂಡು ಬಂದ. ಹತ್ತಿರ ಬಂದ ಮೇಲೆ ಬೈಯಬೇಕೆಂದುಕೊಂಡಿದ್ದು ಮರೆತುಹೋಯಿತು. ಅವಳ ಎರಡೂ ಕೈಗಳು ಮಣಿಕಟ್ಟಿನವರೆಗೆ ನೀಲಿಯಾಗಿದ್ದವು.

"ಏನಾಯ್ತು ಕೈಗೆ?"

"ಕೆಲಸ," ಎಂದಳು. "ಬಟ್ಟೆಗೆ ಬಣ್ಣ ಹಾಕ್ತೀನಿ. ಹತ್ತು ವರ್ಷದಿಂದ. ಮನೇಲಿ ನೀಲಿಕೈ ಅಂತಾರೆ, ನೀವೂ ಹಾಗೇ ಅನ್ನಬಹುದು. ಈಗ ಗೂಟದ ವಿಷಯಕ್ಕೆ ಬನ್ನಿ."

ವಿಷಯ ಇಷ್ಟೇ. ಈ ಲೇಔಟಿನ ಮುಂದಿನ ಸಾಲುಗಳೆಲ್ಲ ಸಂಸಾರಸ್ಥರಿಗೆ. ಒಂದೊಂದು ಹಿತ್ತಲೂ ನಲವತ್ತೈದು ಅಡಿ ಅಗಲ. ಗೋಡೆಗೆ ಅಂಟಿಕೊಂಡ ಕೊನೆಯ ಸಾಲಿನ ಎಂಟು ಸೈಟುಗಳು ಮಾತ್ರ ಒಂಟಿಯಾಗಿರುವವರಿಗೆ. ಅವುಗಳ ಹಿತ್ತಲು ಮೂವತ್ತೇ ಅಡಿ. ಒಬ್ಬೊಬ್ಬರೇ ಇರುವವರಿಗೆ ಜಾಸ್ತಿ ಜಾಗ ಯಾಕೆ ಎಂದು ಕಮಿಟಿ ಯೋಚಿಸಿತ್ತು. ಹಾಗೆ ಯೋಚಿಸಿದವರೆಲ್ಲ ಮದುವೆಯಾದವರೇ ಎಂದು ಬೇರೆ ಹೇಳಬೇಕಾಗಿಲ್ಲ.

ನೀಲಿಕೈಗೆ ಜಾಗ ಬೇಕಾಗಿತ್ತು. ಅವಳು ಬಣ್ಣ ಹಾಕುವ ಒಂದು ಬಟ್ಟೆಯ ಉದ್ದ ಮೂವತ್ತಾರು ಅಡಿ. ಅದ್ದಿ ತೆಗೆದ ಮೇಲೆ ಮಡಿಕೆ ಬೀಳದಂತೆ ನೇರವಾಗಿ ಎಳೆದು ಒಣಗಿಸಬೇಕು. ಒಂದು ಮಡಿಕೆ ಬಿದ್ದರೆ ಅಲ್ಲೊಂದು ಗೆರೆ ನಿಂತುಬಿಡುತ್ತದೆ, ಬಟ್ಟೆ ಹಾಳು. ಇಷ್ಟು ದಿನ ಅಣ್ಣನ ಮನೆಯ ತಾರಸಿ ಇತ್ತು. ಈಗ ಅಣ್ಣ ಆ ಮನೆ ಮಾರಿ ಇದೇ ಲೇಔಟಿನ ಮೊದಲ ಸಾಲಿಗೆ ಬರುತ್ತಿದ್ದಾನೆ. ಇನ್ನೊಂದು ವರ್ಷದಲ್ಲಿ ತಾರಸಿ ಹೋಗುತ್ತದೆ. ಮೂವತ್ತಾರು ಅಡಿ ಎಲ್ಲಾದರೂ ಸಿಗದಿದ್ದರೆ ಅವಳ ಕಸುಬೂ ಹೋಗುತ್ತದೆ.

ಅದಕ್ಕೇ ಸೈಟು ನೋಡಲು ಬಂದವಳು ಟೇಪಿನ ಬದಲು ಬಟ್ಟೆಯನ್ನೇ ತಂದಿದ್ದಳು.

"ಮೂವತ್ತು ಅಡಿ ಸೈಟು, ಮೂವತ್ತಾರು ಅಡಿ ಬಟ್ಟೆ. ಎಷ್ಟು ಆಚೆ ಹೋಗ್ಬೇಕು?" ಎಂದು ಕೇಳಿದಳು.

"ಆರು ಅಡಿ."

"ಏಳು ಹೋಗಿದೆ. ಒಂದನೇ ನಂಬರಿನಲ್ಲೂ ಏಳು, ಎರಡರಲ್ಲೂ ಏಳು."

"ನಿಮ್ಮ ಬಟ್ಟೆ ಹಿಗ್ಗಿರುತ್ತೆ."

ಅವಳು ಆಗ ತಲೆ ಎತ್ತಿದಳು. ಮೂಗಿನ ತುದಿಯಲ್ಲೇ ಕೋಪ. ಆದರೆ ಕಣ್ಣಿನ ಅಂಚಿನಲ್ಲಿ ನಗುವಿನಂಥದ್ದು ಏನೋ ಇತ್ತು, ಅದು ಸರ್ವೇಯರನನ್ನು ಇನ್ನಷ್ಟು ಕಂಗೆಡಿಸಿತು.

"ಒದ್ದೆ ಬಟ್ಟೆ ಹಿಗ್ಗುತ್ತೆ ಸ್ವಾಮಿ. ಇದು ಒಣಗಿ ಒಂದು ವಾರ ಆಯ್ತು. ನನ್ನ ಬಟ್ಟೆ ಸುಳ್ಳು ಹೇಳಲ್ಲ. ನಿಮ್ಮ ಟೇಪನ್ನ ಒಂದು ಮಾತು ಕೇಳಿ ನೋಡಿ."

ಬಟ್ಟೆ ಸುತ್ತಿ ಹೆಗಲಿಗೇರಿಸಿ ನಡೆದೇಬಿಟ್ಟಳು. ಸರ್ವೇಯರ್ ಅವಳು ಗೇಟು ದಾಟುವವರೆಗೂ ನೋಡಿದ. ಕೋಪದಿಂದಲೇ ನೋಡುತ್ತಿದ್ದೇನೆ ಎಂದು ತನಗೆ ತಾನೇ ಹೇಳಿಕೊಂಡ.

ಮರುದಿನ ಬೆಳಿಗ್ಗೆ ಅವನು ಕಮಿಟಿಯಲ್ಲಿ ವಿಳಾಸ ಕೇಳಿಕೊಂಡು ಅವಳ ತಾರಸಿಗೆ ಬಂದ. ಕೈಯಲ್ಲಿ ಟೇಪು, ಮುಖದಲ್ಲಿ ಅಪರಾಧಿಯ ಕಳೆ. ನೀಲಿಕೈ ಹಗ್ಗಕ್ಕೆ ಬಟ್ಟೆ ಎಳೆಯುತ್ತಿದ್ದಳು.

"ನಿಮ್ಮ ಬಟ್ಟೆ ಸರಿ," ಎಂದ. "ನನ್ನ ಟೇಪು ತಪ್ಪು. ಅಲ್ಲ, ಟೇಪೂ ಸರಿ. ನಾನು ತಪ್ಪು."

"ಒಂದೇ ಉಸಿರಿಗೆ ಎಲ್ಲಾ ಹೇಳ್ಬೇಡಿ, ನನಗೆ ಸಂತೋಷ ತಡೆಯಕ್ಕಾಗಲ್ಲ. ಮೊದಲು ಆ ತುದಿ ಹಿಡ್ಕೊಳ್ಳಿ."

ಅವನು ಬಟ್ಟೆಯ ತುದಿ ಹಿಡಿದ. ಒದ್ದೆ ಬಟ್ಟೆಯಿಂದ ನೀಲಿ ಅವನ ಬೆರಳುಗಳ ಸಂದಿಗೆ ಇಳಿಯಿತು. ಹಿಡಿದುಕೊಂಡೇ ವಿವರಿಸಿದ. ಟೇಪಿನ ಮೊದಲ ಅಡಿ ಸವೆದು ಅಂಕಿ ಅಳಿಸಿಹೋಗಿದೆ. ಅದಕ್ಕೇ ಒಂದರ ಗೆರೆಯಿಂದ ಅಳೆಯಲು ಶುರುಮಾಡುವುದು, ಕೊನೆಗೆ ಒಂದು ಅಡಿ ಸೇರಿಸಿಕೊಳ್ಳುವುದು ಅವರ ರೂಢಿ. ಮೂವತ್ತು ಬೇಕಿದ್ದರೆ ಮೂವತ್ತೊಂದರ ಹತ್ತಿರ ಗೂಟ ಹೊಡೆಯಬೇಕು.

"ನೀವು ಮೂವತ್ತರ ಹತ್ತಿರ ಹೊಡೆದ್ರಿ."

"ಹೌದು."

"ಏಳು ಸೈಟಿಗೂ?"

"ಏಳಕ್ಕೂ. ಎಂಟನೇದಕ್ಕೆ ಅಳೀಲೇ ಇಲ್ಲ, ಆಚೆ ಗೋಡೆ ಇತ್ತಲ್ಲ. ಗೋಡೆವರೆಗೂ ಎಂಟು ಅಂತ ಬರ್ಕೊಂಡೆ."

"ಮುಂದಿನ ಸಾಲುಗಳು?"

"ಅವನ್ನ ಮೆಷಿನ್‌ನಲ್ಲಿ ಅಳೆದಿದ್ದು. ಮೆಷಿನ್ ರಿಪೇರಿಗೆ ಹೋದಾಗ ಈ ಸಾಲು ಬಾಕಿ ಇತ್ತು. 'ಒಂಟಿಯವರ ಸಾಲು ತಾನೇ, ಟೇಪಲ್ಲೇ ಬೇಗ ಮುಗಿಸಿ' ಅಂದ್ರು ಅಧ್ಯಕ್ಷರು." ಅವನು ತಲೆ ತಗ್ಗಿಸಿದ. "ನಾನೂ ಹೂಂ ಅಂದೆ. ಅದೇ ನನ್ನ ತಪ್ಪು. ಬೇರೆ ಯಾವ ಸಾಲಾದ್ರೂ ಎರಡು ಸಲ ನೋಡ್ತಿದ್ದೆ."

ನೀಲಿಕೈ ಹಗ್ಗ ಬಿಗಿಯುವುದನ್ನು ನಿಲ್ಲಿಸಿದಳು. ತಪ್ಪು ಮಾಡಿದ ಗಂಡಸರನ್ನು ಅವಳು ಬೇಕಾದಷ್ಟು ನೋಡಿದ್ದಳು. ತಪ್ಪಿನ ಒಳಗಿನ ತಪ್ಪನ್ನು ತಾನೇ ಹೆಕ್ಕಿ ತೋರಿಸುವವನನ್ನು ನೋಡಿದ್ದು ಇದೇ ಮೊದಲು.

"ಕೈ ತೊಳ್ಕೊಳ್ಳಿ," ಎಂದಳು ಮೆತ್ತಗೆ. "ಈಗಲೇ ತೊಳೆದ್ರೆ ಹೋಗುತ್ತೆ."

ಅವನು ತನ್ನ ಬೆರಳುಗಳನ್ನು ನೋಡಿಕೊಂಡ. "ಇರಲಿ ಬಿಡಿ."

ಅಷ್ಟು ಹೇಳಿ ಅವನು ಮೆಟ್ಟಿಲಿಳಿದು ಹೋದ. ಅವಳಿಗೆ ಆ ದಿನವೆಲ್ಲ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ.

ಮುಂದಿನ ಮೂರು ವಾರ ಸರ್ವೇಯರನಿಗೆ ತಾರಸಿಯ ದಾರಿ ಚೆನ್ನಾಗಿ ಅಭ್ಯಾಸವಾಯಿತು. ಒಂದು ದಿನ ಲೇಔಟಿನ ಮ್ಯಾಪ್ ತೋರಿಸಲು ಬಂದ, ಇನ್ನೊಂದು ದಿನ ಮರೆತ ಮ್ಯಾಪ್ ಒಯ್ಯಲು ಬಂದ. ಮೂರನೆಯ ಸಲ ನೆಪ ಹುಡುಕುವ ಕಷ್ಟವನ್ನೂ ತೆಗೆದುಕೊಳ್ಳಲಿಲ್ಲ.

ಇಬ್ಬರೂ ಮ್ಯಾಪ್ ಹರಡಿಕೊಂಡು ಹಿತ್ತಲುಗಳನ್ನು ಹೋಲಿಸುವರು. ಈ ಸೈಟಿಗೆ ಬಿಸಿಲು ಮಧ್ಯಾಹ್ನದವರೆಗೂ ಇರುತ್ತದೆ, ಆದರೆ ನೀರು ನಿಲ್ಲುತ್ತದೆ. ಆ ಸೈಟು ಅಗಲ, ಆದರೆ ಲೇಔಟಿನಾಚೆಯ ಮಹಡಿಯ ನೆರಳು. ಎರಡನೇ ಸಾಲಿನ ಹದಿನಾಲ್ಕನೇ ನಂಬರಿನ ಮೇಲೆ ಅವಳ ಬೆರಳು ಮತ್ತೆ ಮತ್ತೆ ಹೋಗಿ ನಿಲ್ಲುತ್ತಿತ್ತು. ನಲವತ್ತೈದು ಅಡಿ, ಇಳಿಜಾರು ಇಲ್ಲ, ದಿನವಿಡೀ ಬಿಸಿಲು. ಇನ್ನೂ ಖಾಲಿ ಬೇರೆ.

"ಕೇಳಿದ್ರಾ ಅದನ್ನ?"

"ಮೂರು ಸಲ. ದುಡ್ಡು ಇದೆಯಾ ಅಂದ್ರು, ಇದೆ ಅಂದೆ. ಗಂಡ ಇದ್ದಾರಾ ಅಂದ್ರು, ಅದೊಂದಿಲ್ಲ ಅಂದೆ. ಅದೇ ಮುಖ್ಯ ಅಂದ್ರು."

ಅವನು ನಕ್ಕ. ನಗುವಾಗ ಅವನ ಎಡಗೆನ್ನೆ ಮಾತ್ರ ಮೇಲೇಳುವುದನ್ನು ಅವಳು ಗಮನಿಸಿದಳು. ಗಮನಿಸಿದ್ದನ್ನು ಅವನು ಗಮನಿಸಿದ. ಇಬ್ಬರೂ ಥಟ್ಟನೆ ಮ್ಯಾಪಿನ ಮೇಲೆ ಬಗ್ಗಿದರು, ತಲೆಗೆ ತಲೆ ಢಿಕ್ಕಿ ಹೊಡೆಯಿತು. ಹಣೆ ಉಜ್ಜಿಕೊಳ್ಳುತ್ತಾ ಅವಳು ಬಿದ್ದು ಬಿದ್ದು ನಕ್ಕಳು. ಕೆಳಗೆ ಅಡುಗೆಮನೆಯಲ್ಲಿದ್ದ ಅತ್ತಿಗೆಗೆ ಆ ನಗು ಕೇಳಿಸಿತು.

ಅತ್ತಿಗೆ ಕೆಟ್ಟವಳಲ್ಲ. ಊಟಕ್ಕೆ ಕುಳಿತಾಗ ನಯವಾಗಿಯೇ ಕೇಳಿದಳು, "ಸರ್ವೇಯರ್ ಒಳ್ಳೆಯವರ ಥರ ಕಾಣ್ತಾರಲ್ವಾ?"

ಅಣ್ಣ ನೇರವಾಗಿ ವಿಷಯಕ್ಕೆ ಬಂದ. "ಒಳ್ಳೇದೇ ಆಯ್ತು. ಮದುವೆ ಮಾಡ್ಕೊ, ಹದಿನಾಲ್ಕನೇ ನಂಬರ್ ಸಿಗುತ್ತೆ. ಬೇಡ ಅಂದ್ರೆ ನಮ್ಮ ಜೊತೆಗೇ ಬಾ, ಹಿಂದಿನ ರೂಮ್ ನಿನಗೆ. ಹಿತ್ತಲಲ್ಲಿ ಬಟ್ಟೆ ಹರಡೋದು ಮಾತ್ರ ಆಗಲ್ಲಮ್ಮ, ಮಕ್ಕಳು ಆಡ್ಬೇಕು. ಈ ಬಣ್ಣ ಗಿಣ್ಣ ಬಿಟ್ಟು ಎಲ್ಲಾದ್ರೂ ನೆರಳಲ್ಲಿ ಕೂತು ಮಾಡೋ ಕೆಲಸ ನೋಡ್ಕೊ."

"ಅಂದ್ರೆ ಗಂಡನ ಹಿತ್ತಲು, ಇಲ್ಲಾ ಅಣ್ಣನ ಹಿತ್ತಲು," ಎಂದಳು ನೀಲಿಕೈ. "ನನ್ನ ಹಿತ್ತಲು ಅಂತ ಒಂದು ಇರಲ್ಲ."

"ಎಲ್ಲದಕ್ಕೂ ಕಾಲು ಕೆರ್ಕೊಂಡು ಜಗಳಕ್ಕೆ ಬರ್ತೀಯಲ್ಲ!"

"ಜಗಳ ಅಲ್ಲ ಅಣ್ಣ. ಲೆಕ್ಕ ಸರಿ ಇಲ್ಲ ಅಂದೆ ಅಷ್ಟೇ."

ತಟ್ಟೆ ಎತ್ತಿಕೊಂಡು ಎದ್ದಳು. ಕಣ್ಣು ತುಂಬಿದ್ದನ್ನು ಅಣ್ಣನಿಗೆ ತೋರಿಸುವ ಪೈಕಿ ಅವಳಲ್ಲ.

ಅದೇ ವಾರ ಸರ್ವೇಯರ್ ಅವಳನ್ನು ಕೊನೆಯ ಸಾಲಿಗೆ ಕರೆದೊಯ್ದ. ಎಂಟನೇ ನಂಬರಿನಲ್ಲಿ ನಿಲ್ಲಿಸಿ, "ಬಟ್ಟೆ ಹಾಸಿ," ಎಂದ. ಹಾಸಿದಳು. ಮೂವತ್ತಾರು ಅಡಿಯೂ ಹಾಯಾಗಿ ಮಲಗಿತು. ಗೋಡೆಗೂ ಬಟ್ಟೆಗೂ ನಡುವೆ ಇನ್ನೂ ಒಂದು ಅಡಿ ಜಾಗ ಉಳಿಯಿತು.

"ಏಳು ಸೈಟಿನ ಒಂದೊಂದು ಅಡಿ ಬಂದು ಇಲ್ಲಿ ಸೇರ್ಕೊಂಡಿದೆ," ಎಂದ. "ಮೂವತ್ತೇಳು ಅಡಿ. ಯಾರಿಗೂ ಗೊತ್ತಿಲ್ಲ. ನಾನು ಇನ್ನೂ ಹೇಳಿಲ್ಲ. ಹಂಚಿಕೆಯಲ್ಲಿ ಎಂಟನೇದು ನಿಮ್ಮ ಹೆಸರಿಗೇ ಬಂದಿದೆ. ಸುಮ್ನೆ ಬಿಟ್ಟುಬಿಟ್ರೆ ನಿಮ್ಮ ಕೆಲಸ ಉಳಿಯುತ್ತೆ."

ಅವಳ ಎದೆ ಒಂದು ಕ್ಷಣ ಹಗುರಾಯಿತು. ಸುಳ್ಳು ಯಾಕೆ, ಆ ನೆಲದ ಮೇಲೆ ಕುಳಿತುಬಿಡಬೇಕು ಎನ್ನಿಸಿತು. ಬಿಸಿಲು ಬೇರೆ ಎಷ್ಟು ಚೆನ್ನಾಗಿ ಬಿದ್ದಿತ್ತು!

ಆಮೇಲೆ ಪಕ್ಕದ ಸೈಟುಗಳನ್ನು ನೋಡಿದಳು. ಏಳನೇದು ಆಸ್ಪತ್ರೆಯ ನರ್ಸಿನದು. ಪಾಳಿ ಮುಗಿಸಿ ಬಂದಾಗಲೆಲ್ಲ ಒಂದು ಗಿಡ ತಂದು, ಎಲ್ಲಿ ನೆಡಲಿ ಎಂದು ಹೆಜ್ಜೆ ಹಾಕಿ ಅಳೆಯುತ್ತಿದ್ದಳು. ಐದನೇದು ಹೆಂಡತಿ ತೀರಿಕೊಂಡ ಗಡಿಯಾರ ರಿಪೇರಿಯವರದು.

"ನೀವು ನನಗೆ ಅಂತ ಇದನ್ನ ಕೊಡ್ತಿದ್ದೀರಾ?"

"ನಿಮಗೆ ಅಂತಲೇ. ನಿಮ್ಮನ್ನ ಬಿಟ್ಟು ಇನ್ಯಾರಿಗೂ ನಾನು ಈ ಕೆಲಸ ಮಾಡಲ್ಲ." ಅವನು ಬಟ್ಟೆ ದಾಟಿ ಹತ್ತಿರ ಬಂದ. "ಇದು ಬೇಡ ಅಂದ್ರೆ ಇನ್ನೊಂದು ದಾರಿ ಇದೆ. ನನ್ನನ್ನ ಮದುವೆ ಮಾಡ್ಕೊಳ್ಳಿ. ಹದಿನಾಲ್ಕನೇ ನಂಬರ್ ನಾಳೆಯೇ ಸಿಗುತ್ತೆ."

ಅವಳಿಗೆ ಅವನ ಮೇಲೆ ಪ್ರೀತಿ ಇತ್ತು. ಅದು ಅಷ್ಟು ಸ್ಪಷ್ಟವಾಗಿ ಗೊತ್ತಾಗಿದ್ದೇ ಆ ಕ್ಷಣದಲ್ಲಿ, ಅದಕ್ಕೇ ಅಷ್ಟು ಸಿಟ್ಟೂ ಬಂತು.

"ಏಳು ಜನರ ನೆಲ ಕದ್ದು ಅದರ ಮೇಲೆ ನನ್ನ ಬಟ್ಟೆ ಒಣಗಿಸ್ಲಾ? ಅವರೂ ನನ್ನ ಥರಾನೇ, 'ಒಂಟಿಯವರು ತಾನೇ' ಅನ್ನಿಸ್ಕೊಂಡವರು. ಇನ್ನು ಮದುವೆ! ನೀವು ಬೇಕು ಅಂತ ನಾನು ಹೇಳ್ಬೇಕಾದ ದಿನ ಬಂದ್ರೆ, ನಿಮಗೋಸ್ಕರ ಹೇಳ್ತೀನಿ. ನಲವತ್ತೈದು ಅಡಿಗೋಸ್ಕರ ಹೇಳಲ್ಲ. ಆಮೇಲೆ ಜೀವಮಾನವೆಲ್ಲ ನಿಮ್ಮ ಮುಖ ನೋಡಿದಾಗ ಸೈಟ್ ನಂಬರ್ ನೆನಪಾಗ್ಬೇಕಾ ನನಗೆ?"

ಅವಳು ಬಗ್ಗಿ ಬಟ್ಟೆಯ ತುದಿ ಎತ್ತಿಕೊಂಡಳು.

"ಭಾನುವಾರ ಸಭೆ ಇದೆ. ಗೂಟದ ವಿಷಯ ನೀವೇ ಹೇಳಿ. ನೀವು ಹೇಳ್ಲಿಲ್ಲ ಅಂದ್ರೆ ನಾನು ಹೇಳ್ತೀನಿ."

"ಹೇಳಿದ್ರೆ ನನ್ನ ಕೆಲಸ ಹೋಗುತ್ತೆ."

"ಗೊತ್ತು. ನನ್ನ ಏಳು ಅಡಿಯೂ ಹೋಗುತ್ತೆ."

ಬಟ್ಟೆ ಸುತ್ತಿಕೊಂಡಳು. ಈ ಸಲ ಅವನು ಇನ್ನೊಂದು ತುದಿ ಹಿಡಿಯಲು ಬರಲಿಲ್ಲ. ಒಬ್ಬಳೇ ಸುತ್ತಿದ್ದರಿಂದ ಬಟ್ಟೆ ಸೊಟ್ಟಗಾಯಿತು.

ಭಾನುವಾರದವರೆಗೆ ಅವನು ತಾರಸಿಯ ಕಡೆ ಸುಳಿಯಲಿಲ್ಲ. ಮೆಟ್ಟಿಲ ಮೇಲೆ ಯಾರ ಹೆಜ್ಜೆ ಕೇಳಿದರೂ ಅವಳ ಕೈ ನಿಲ್ಲುತ್ತಿತ್ತು. ಅವನು ಸಭೆಯಲ್ಲಿ ಮಾತಾಡದೆ ಇದ್ದರೆ? ತಾನೇ ಎದ್ದು ನಿಂತು ಅವನ ತಪ್ಪನ್ನು ಹತ್ತು ಜನರ ಮುಂದೆ ಹೇಳಬೇಕಾದರೆ? ಹೇಳುವುದಂತೂ ಖಂಡಿತ. ಆದರೆ ಆಮೇಲೆ ಅವನನ್ನು ಪ್ರೀತಿಸುವುದು ಹೇಗೆ ಎಂದು ಅವಳಿಗೆ ತಿಳಿಯಲಿಲ್ಲ.

ಸಭೆ ನಡೆದದ್ದು ಲೇಔಟಿನ ಶೆಡ್ಡಿನಲ್ಲಿ. ಮುಂದಿನ ಕುರ್ಚಿಗಳಲ್ಲಿ ಸಂಸಾರಗಳು, ಹಿಂದಿನ ಬೆಂಚಿನಲ್ಲಿ ಕೊನೆಯ ಸಾಲಿನವರು. ಅಲ್ಲೂ ಯಾರೂ ಹೇಳಿಕೊಡದೆ ಹಾಗೇ ಕುಳಿತಿದ್ದರು. ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು, "ಮುಂದಿನ ತಿಂಗಳು ಮನೆ ಕೆಲಸ ಶುರು. ಬೇರೆ ವಿಷಯ ಏನೂ ಇಲ್ಲ ತಾನೇ?" ಎಂದರು.

ಸರ್ವೇಯರ್ ಬಾಗಿಲ ಹತ್ತಿರ ನೆಲ ನೋಡುತ್ತಾ ನಿಂತಿದ್ದ. ನೀಲಿಕೈ ಒಂದು, ಎರಡು, ಮೂರು ಎಂದು ಮನಸ್ಸಿನಲ್ಲೇ ಎಣಿಸಿದಳು. ಹತ್ತಕ್ಕೆ ಏಳುವುದೆಂದು ತೀರ್ಮಾನಿಸಿದ್ದಳು. ಎಂಟರಲ್ಲಿ ಅವನ ಧ್ವನಿ ಕೇಳಿತು.

"ಇದೆ. ಕೊನೆಯ ಸಾಲನ್ನ ನಾನು ತಪ್ಪಾಗಿ ಅಳೆದಿದ್ದೀನಿ."

ನಿಧಾನವಾಗಿ, ಒಂದನ್ನೂ ಮುಚ್ಚಿಡದೆ ಎಲ್ಲ ಹೇಳಿದ. ಟೇಪು, ಸವೆದ ಅಡಿ, ಏಳು ಗೂಟ, ಗೋಡೆ. ಒಂಟಿಯವರ ಸಾಲು ಎಂದು ಅಸಡ್ಡೆ ಮಾಡಿದ್ದನ್ನೂ ಹೇಳಿದ. ಮೂರು ವಾರದಿಂದ ಗೊತ್ತಿದ್ದೂ ಬಾಯಿ ಬಿಡಲಿಲ್ಲ ಎನ್ನುವುದನ್ನೂ ಹೇಳಿದ. ಅಧ್ಯಕ್ಷರ ಮುಖ ಕೆಂಪಾಯಿತು.

"ಇಂಥ ಕೆಲಸಗಾರ ನಮಗೆ ಬೇಕಾಗಿಲ್ಲ. ಇವತ್ತಿಗೇ ಮುಗೀತು. ಹೊಸ ಮ್ಯಾಪ್ ಮಾಡಿಸೋಣ, ಕೊನೆಯ ಸಾಲಿನವರು ಒಂದು ಸಹಿ ಹಾಕಿಬಿಡಿ, ಆಯ್ತು."

ಆಗ ನೀಲಿಕೈ ಎದ್ದಳು.

"ಸಹಿ ಹಾಕದಿದ್ರೆ?"

"ಅಂದ್ರೆ?"

"ನಿಮ್ಮ ನಿಯಮದ ಪುಸ್ತಕದಲ್ಲೇ ಇದೆ. ಮ್ಯಾಪ್ ಬದಲಾದ್ರೆ ಎಲ್ಲರ ಸಹಿ ಬೇಕು. ಎಲ್ಲರ ಸಹಿ ಆಗೋವರೆಗೂ ಯಾರ ಮನೆಗೂ ಪಾಯ ತೆಗೆಯೋ ಹಾಗಿಲ್ಲ. ಎಂಟನೇ ನಂಬರ್ ಸಹಿ ಹಾಕಲ್ಲ."

ಮುಂದಿನ ಕುರ್ಚಿಯಲ್ಲಿದ್ದ ಅಣ್ಣ ಗಾಬರಿಯಿಂದ ತಿರುಗಿ, "ಕೂತ್ಕೊಳೇ," ಎಂದು ಹಲ್ಲು ಕಚ್ಚಿದ.

"ಕೂತಿದ್ದು ಸಾಕಾಯ್ತು ಅಣ್ಣ." ಅವಳು ಎರಡೂ ಕೈ ಮೇಲೆತ್ತಿದಳು. ಇಷ್ಟು ದಿನ ಇಂಥ ಕಡೆ ಬರುವಾಗ ಮಡಿಲಲ್ಲಿ ಬಚ್ಚಿಡುತ್ತಿದ್ದ ನೀಲಿ ಕೈಗಳನ್ನು ಎಲ್ಲರೂ ನೋಡಿದರು. "ಈ ಕೈಗೆ ಮೂವತ್ತಾರು ಅಡಿ ಬೇಕು. ಎರಡನೇ ಸಾಲಿನಲ್ಲಿ ಐದು ಸೈಟು ಖಾಲಿ ಬಿದ್ದಿವೆ. ನೀವು ಹೇಳಿದ ಬೆಲೆ ಕೊಡ್ತೀನಿ ಅಂದ್ರೂ ನನಗೆ ಕೊಡ್ತಿಲ್ಲ. ಗಂಡ ಇದ್ರೆ ಮಾತ್ರ ಬಿಸಿಲು ಬೀಳುತ್ತಾ ನೆಲದ ಮೇಲೆ? ಆ ನಿಯಮ ತೆಗೀರಿ, ಸಹಿ ಹಾಕ್ತೀನಿ. ತೆಗೆಯಲ್ಲ ಅಂದ್ರೆ ನನ್ನ ಹಿತ್ತಲೂ ಇಲ್ಲ, ನಿಮ್ಮ ಮನೆಯೂ ಇಲ್ಲ."

ಶೆಡ್ಡಿನಲ್ಲಿ ಗದ್ದಲವೆದ್ದಿತು. ಅದರ ನಡುವೆ ನರ್ಸ್ ಎದ್ದು ನಿಂತು, "ಏಳನೇ ನಂಬರೂ ಹಾಕಲ್ಲ," ಎಂದಳು. ಗಡಿಯಾರದವರು ಊರುಗೋಲು ಹುಡುಕುತ್ತಾ, "ನಾನು ನಿಂತ್ಕೊಳ್ಳೋಕೆ ಸ್ವಲ್ಪ ಹೊತ್ತಾಗುತ್ತೆ, ಆದ್ರೆ ಐದೂ ಹಾಕಲ್ಲ," ಎಂದರು. ಹಿಂದಿನ ಬೆಂಚು ಪೂರ್ತಿ ಎದ್ದಿತು.

ಎರಡು ಗಂಟೆ ವಾದ ನಡೆಯಿತು. ಕೊನೆಗೆ ನಿಯಮ ಹೋಯಿತು. ಕಮಿಟಿಗೆ ಬುದ್ಧಿ ಬಂದಿತೆಂದು ಹೇಳಲಾರೆ, ಅವರಿಗೆ ಪಾಯ ತೆಗೆಯುವ ಆತುರವಿತ್ತು. ಹೊರಗೆ ಬಂದಾಗ ನೀಲಿಕೈ ಬಾಗಿಲ ಕಡೆ ನೋಡಿದಳು. ಸರ್ವೇಯರ್ ಹೋಗಿಬಿಟ್ಟಿದ್ದ.

ಹನ್ನೆರಡು ದಿನಗಳ ನಂತರ ಹದಿನಾಲ್ಕನೇ ನಂಬರಿನ ಕಾಗದ ಬಂತು, ಅವಳೊಬ್ಬಳ ಹೆಸರಿನಲ್ಲಿ. ಅಣ್ಣ ಅದನ್ನು ಎರಡು ಸಲ ಓದಿ, "ಹಠಮಾರಿ," ಎಂದ. ಬೈದನೋ ಹೊಗಳಿದನೋ ಅವನಿಗೇ ಗೊತ್ತಾದ ಹಾಗೆ ಕಾಣಲಿಲ್ಲ.

ಕಾಗದ ಹಿಡಿದುಕೊಂಡೇ ಅವಳು ಲೇಔಟಿಗೆ ಹೋದಳು. ಕೊನೆಯ ಸಾಲಿನಲ್ಲಿ ಒಬ್ಬ ಬಗ್ಗಿ ಗೂಟ ಹೊಡೆಯುತ್ತಿದ್ದ. ಕೆಲಸದಿಂದ ತೆಗೆದುಹಾಕಿದ ಲೇಔಟಿನಲ್ಲಿ, ಸಂಬಳವಿಲ್ಲದೆ, ಏಳು ಗೂಟವನ್ನೂ ಸರಿಯಾದ ಜಾಗಕ್ಕೆ ಹೊಡೆಯುತ್ತಿದ್ದ ಮನುಷ್ಯ ಇನ್ಯಾರಿರಲು ಸಾಧ್ಯ?

"ನಿಮ್ಮನ್ನ ಯಾರು ಒಳಗೆ ಬಿಟ್ರು?"

"ನರ್ಸಮ್ಮ." ಸುತ್ತಿಗೆ ಕೆಳಗಿಟ್ಟ. "ಕೆಡಿಸಿದ್ದನ್ನ ನಾನೇ ಸರಿಮಾಡ್ಬೇಕು ಅನ್ನಿಸ್ತು. ತಾರಸಿಗೆ ಬರೋಕೆ ಮುಖ ಇರ್ಲಿಲ್ಲ."

"ಅವತ್ತು ನೀವು ಎದ್ದು ಹೇಳಿದ್ರಲ್ಲ, ನಾನು ಎಂಟರವರೆಗೆ ಎಣಿಸಿದ್ದೆ. ಆ ಎಂಟರಲ್ಲಿ ನನ್ನ ಜೀವ ಹೋಗಿ ಬಂತು." ಅವಳು ಕಾಗದ ಬಿಡಿಸಿ ಅವನ ಮುಂದೆ ಹಿಡಿದಳು. "ಸೈಟು ಬಂತು. ಇನ್ನು ನನಗೆ ನಿಮ್ಮಿಂದ ಒಂದು ಅಡಿಯೂ ಬೇಕಾಗಿಲ್ಲ. ಈಗ ಕೇಳಿ ಆ ಮಾತನ್ನ."

ಅವನು ಕಾಗದ ನೋಡಿದ, ಅವಳನ್ನು ನೋಡಿದ. "ಕೆಲಸ ಕಳ್ಕೊಂಡವನು ಯಾವ ಧೈರ್ಯದ ಮೇಲೆ ಕೇಳ್ಲಿ?"

"ಹಾಗಾದ್ರೆ ಬಿಡಿ, ನಾನೇ ಕೇಳ್ತೀನಿ." ಅವಳು ಒಂದು ಹೆಜ್ಜೆ ಮುಂದೆ ಬಂದಳು. "ಈ ಕಾಗದಕ್ಕೆ ನಿನ್ನ ಹೆಸರು ಸೇರಿಸಲ್ಲ. ಮದುವೆ ಆದ್ಮೇಲೂ ಸೇರಿಸಲ್ಲ. ಜನ ಹೆಂಡತಿ ಮನೆ ಸೇರ್ಕೊಂಡ ಅಂತ ಆಡ್ಕೋತಾರೆ. ಅದನ್ನೆಲ್ಲ ತಡ್ಕೊಳ್ಳೋದಾದ್ರೆ, ನನ್ನನ್ನ ಮದುವೆ ಆಗ್ತೀಯಾ?"

'ನೀವು' ಹೋಗಿ 'ನೀನು' ಬಂದದ್ದು ಅವನ ಕಿವಿಗೆ ಬಿದ್ದಿತು. ಎಡಗೆನ್ನೆ ಮೇಲೆದ್ದಿತು.

"ಆಗ್ತೀನಿ. ನಂದೂ ಒಂದು ಷರತ್ತಿದೆ."

ಅವಳ ಹುಬ್ಬು ಗಂಟಿಕ್ಕಿತು. "ಏನು?"

"ಮನೆ ಕಟ್ಟೋವಾಗ ಅಡುಗೆಮನೆ ಕಿಟಕಿ ಹಿತ್ತಲಿನ ಕಡೆ ಇಡ್ಸು. ಅಡುಗೆ ನಾನು ಮಾಡ್ತೀನಿ. ನೀನು ಕೆಲಸ ಮಾಡೋದು ನನಗೆ ಕಾಣ್ತಿರ್ಬೇಕು."

ಅವಳು ಅವನ ಕೈ ಹಿಡಿದುಕೊಂಡಳು. ಗಟ್ಟಿಯಾಗಿ, ಅಕ್ಕಪಕ್ಕದ ಸೈಟಿನವರೆಲ್ಲ ನೋಡುವ ಹಾಗೆ ಹಿಡಿದುಕೊಂಡು, ಬಿಡದೆ ನಿಂತಳು.